ಕಾಜಾದಲ್ಲಿ ಹರಿದ ರೊಟ್ಟಿ

ವೈನಿಯವರಿಗೆ ಮೈದುನ ಸಿದ್ದರಾಮೇಶನ ಶರಣು.

ನಮ್ಮೂರು ಮಟಕಿಯಿಂದ ಐದು ದಿನ ಕಾರು ಓಡಿಸಿ ಹಿಮಾಚಲದ ಕಾಜಾ ಮುಟ್ಟಿದೆ. ಬೇಸಿಗೆಯೆಲ್ಲ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸ. ನೀವು ಕಟ್ಟಿಕೊಟ್ಟ ಜೋಳದ ಹಿಟ್ಟಿನಲ್ಲಿ ಇಲ್ಲಿ ಬಡಿದ ರೊಟ್ಟಿ ಕೈಯಲ್ಲೇ ಹರಿದಾಗ, "ಹಳೇ ಹಿಟ್ಟು ಕಟ್ಟೀರೇನ್ರಿ, ವೈನಿ?" ಎಂದು ಫೋನಿನಲ್ಲಿ ಸಿಡುಕಿದೆ. ಅಂದಿನಿಂದ ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾರ್ಡು.

ತಪ್ಪು ಹಿಟ್ಟಿನದಲ್ಲ. ಇಷ್ಟು ಎತ್ತರದಲ್ಲಿ ನೀರು ಕುದಿದರೂ ನಮ್ಮೂರಿನಷ್ಟು ಬಿಸಿಯಾಗದು ಎಂದು ಇಲ್ಲಿನ ಅಡುಗೆಯವ ನಕ್ಕ. ಆ ನೀರು ಸುರಿದು ನಾದಿದರೆ ಹಿಟ್ಟಿಗೆ ಅಂಟು, ಜಿಗಿ ಎಲ್ಲಿಂದ ಬರಬೇಕು?

ಈ ಎತ್ತರಕ್ಕೆ ಹಿಡಿದಿದ್ದ ತಲೆನೋವು ಇಳಿದಿದೆ, ಕಾಳಜಿ ಬೇಡ. ಇಂದು ಹಿಟ್ಟನ್ನು ಕುದಿಯುವ ನೀರಿಗೇ ಹಾಕಿ, ಒಲೆಯ ಮೇಲೇ ಬೇಯಿಸಿ ನಾದಿದೆ. ಎರಡು ರೊಟ್ಟಿ ಹರಿಯದೆ ಬಂದವು. ನಮ್ಮ ಮನೆಯಲ್ಲಿಯಂತೆ ರೊಟ್ಟಿ ಬಡಿಯುವ ಸಪ್ಪಳ ಕೇಳಿ ತಾಟು ಹಿಡಿದು ಬರುವವರು ಇಲ್ಲಿ ಯಾರೂ ಇಲ್ಲ. ಎರಡನೆಯದು ಹಾಗೇ ಇದೆ.

ಫೋನ್ ಎತ್ರಿ, ವೈನಿ.