ಬೆಟ್ಟಮ್ಮ ಹೇಳಿದ್ದು

ಅರಕಲಗೂಡು,
೧೯-೨-೧೯೬೩

ತಂಗಿ ನೀಲಾಂಬಿಕೆಯವರಿಗೆ,

ಚಂದ್ರಯ್ಯ ಮೇಷ್ಟ್ರ ವಂದನೆಗಳು. ನಿಮ್ಮ ಕ್ಷೇಮ ಕೇಳುವ ಮುಖ ನನಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೋದ ವಾರ ಹಿರೀಸಾವೆಯ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೀವೇ ಗುರುತು ಹಿಡಿದು ಮಾತಾಡಿಸಿದಿರಿ. "ನಮ್ಮೋರು ಮೆರೆಯಕ್ಕೆ ಹೋಗಿ ಸತ್ರು ಅಂತ ಈಗ್ಲೂ ಚನ್ನರಾಯಪಟ್ಟಣದಲ್ಲಿ ಅಂತಾರೆ ಅಣ್ಣಾ. ತನಿಖೆ ನಡೆದಾಗ ನೀವು ಅಲ್ಲೇ ಇದ್ರಲ್ಲ, ಯಾರೂ ಬೇರೆ ಥರ ಹೇಳ್ಲಿಲ್ವಾ?" ಎಂದು ಕೇಳಿದಿರಿ. ನಾನು ಇಲ್ಲವೆಂದೆ. ಅದು ಸುಳ್ಳು.

ಐವತ್ತೇಳರ ಡಿಸೆಂಬರಿನಲ್ಲಿ ನಿಮ್ಮ ಯಜಮಾನರು ಬಸವರಾಜು ಅವರು ಹಾರಿಸುತ್ತಿದ್ದ ವಿಮಾನ ಕಟ್ಟಾಯದ ಬಳಿ ಬಿದ್ದಾಗ ನಾನು ಅಲ್ಲಿನ ಶಾಲೆಯಲ್ಲಿದ್ದೆ. ಮೂರನೆಯ ದಿನ ದೆಹಲಿಯಿಂದ ತನಿಖಾಧಿಕಾರಿ ಬಂದರು. ಅವರಿಗೆ ಕನ್ನಡ ಬಾರದು. ಇಂಗ್ಲಿಷ್ ಬರುತ್ತಿದ್ದ ನನ್ನನ್ನು ಜೊತೆಗಿಟ್ಟುಕೊಂಡರು. ಹೊಲದ ಸುತ್ತ ಹಗ್ಗ ಕಟ್ಟಿಸಿ, ಪೊಲೀಸರನ್ನು ಕಾವಲಿಟ್ಟು, ಪ್ರತಿಯೊಂದು ಚೂರೂ ಬಿದ್ದ ಜಾಗದಲ್ಲಿ ಗೂಟ ನೆಡಿಸಿ ನಕ್ಷೆ ಬರೆದುಕೊಂಡರು. ವಿಮಾನದ ಮೂತಿಯಲ್ಲಿದ್ದ ಪಂಖ ಹೆಚ್ಚು ಮುರಿದಿರಲಿಲ್ಲ. ಬೀಳುವಾಗ ಎಂಜಿನ್ ಜೋರಾಗಿ ತಿರುಗುತ್ತಿರಲಿಲ್ಲವೆಂದು ಅದರಿಂದ ತಿಳಿಯುತ್ತದಂತೆ. ಆದರೆ ಅದು ತಾನಾಗಿ ನಿಂತಿತೋ, ಹಾರಿಸುತ್ತಿದ್ದವರೇ ತಗ್ಗಿಸಿದ್ದರೋ ತಿಳಿಯದು. ಅದನ್ನು ತಿಳಿಯಲು ಅವರು ಎರಡು ದಿನ ಒಂದೇ ವಸ್ತು ಹುಡುಕಿದರು. ಪೆಟ್ರೋಲ್ ಸೋಸುವ, ಮುಷ್ಟಿಗಾತ್ರದ ಹಿತ್ತಾಳೆ ಬಟ್ಟಲು. ಅದರಲ್ಲಿ ನೀರೋ ಕೆಸರೋ ಇದ್ದರೆ ಎಂಜಿನ್ ಕೆಟ್ಟ ಕಾರಣ ಸಿಕ್ಕಂತೆ ಎಂದರು.

ಅದು ಸಿಗಲಿಲ್ಲ. ಅವರು ಬರುವ ಮೊದಲೇ ನನ್ನ ತಮ್ಮ ಗುಂಡಯ್ಯ ಹೊಲದಿಂದ ಎತ್ತಿಕೊಂಡು ಬಂದಿದ್ದ.

ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಚಾವಡಿಗೆ ಕರೆದರು. ಹೆಚ್ಚಿನವರು ಕಂಡದ್ದು ವಿಮಾನ ಮರದೆತ್ತರದಲ್ಲಿ ಬಂದದ್ದನ್ನು ಮಾತ್ರ. ಕೊನೆಗೆ ಕೂಲಿಯ ಬೆಟ್ಟಮ್ಮ ಬಂದಳು.

"ಮ್ಯಾಲಿದ್ದಾಗ್ಲೇ ಸದ್ದು ನಿಂತೋಯ್ತು ಸಾ. ಆಮ್ಯಾಕೆ ಬರೀ ಗಾಳಿ ಸದ್ದು. ನಾನು ಕೂಸು ಮಲಗಿಸ್ಬುಟ್ಟು ರಾಗಿ ಕುಯ್ತಿದ್ದೆ, ನನ್ನೆದುರ್ಗೇ ಬತ್ತಿತ್ತು. ಆವಯ್ಯ ನಮ್ಮನ್ನ ಕಂಡು ಅಡ್ಡ ತಿರುಗಿಸ್ಬುಟ್ಟ. ಇಲ್ದಿದ್ರೆ ನಾನೂ ಇಲ್ಲ, ಕೂಸೂ ಇಲ್ಲ."

ಆ ಬಟ್ಟಲು ಯಾರ ಕೈಸೇರಿತೆಂಬುದನ್ನೂ ಹೇಳಿಬಿಟ್ಟಳು. ಅಧಿಕಾರಿ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ಅರ್ಧ ಹೇಳಿದರೆ ಇನ್ನರ್ಧ ಕೆದಕುತ್ತಾರೆಂದು ಹೆದರಿ ಪೂರ್ತಿ ನುಂಗಿದೆ. ವಿಮಾನ ಕೆಳಗೆ ಬಂತಂತೆ, ಇವಳು ಹೆದರಿ ಕಣ್ಣು ಮುಚ್ಚಿಕೊಂಡಳಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಬೆಟ್ಟಮ್ಮ ಹೆಬ್ಬೆಟ್ಟು ಒತ್ತಿದಳು. ಹೊರಡುವಾಗ "ಎಲ್ಲಾ ಬರಕಂಡ್ರಾ ಮೇಷ್ಟ್ರೇ?" ಎಂದಳು. ಹೂಂ ಎಂದೆ.

ನಿಮ್ಮ ಯಜಮಾನರು ತಮ್ಮ ಹುಟ್ಟೂರು ಹೊಳೆನರಸೀಪುರದ ಹಾದಿಯಲ್ಲಿ ಹುಮ್ಮಸ್ಸಿಗೆ ತೀರಾ ಕೆಳಗೆ ಹಾರಿದರು, ಹತೋಟಿ ತಪ್ಪಿತು ಎಂದು ವರದಿ ಬಂತು. ಅದನ್ನು ಓದಿಯೂ ಸುಮ್ಮನಿದ್ದೆ. ವರ್ಗ ಮಾಡಿಸಿಕೊಂಡು ಇಲ್ಲಿಗೆ ಬಂದೆ.

ನಿಮ್ಮನ್ನು ಕಂಡ ಮೇಲೆ ಕಟ್ಟಾಯಕ್ಕೆ ಹೋಗಿದ್ದೆ. ಅಂದು ಹೇಳಿದ್ದನ್ನು ಮತ್ತೆ ಹೇಳುವೆಯಾ ಎಂದು ಬೆಟ್ಟಮ್ಮನನ್ನು ಕೇಳಿದೆ. "ಯಾಕೆ ಮೇಷ್ಟ್ರೇ, ಆವತ್ತು ಬರಕಳ್ಳಿಲ್ವಾ?" ಎಂದಳು. ಮುಚ್ಚಿಟ್ಟೆನೆಂದು ಒಪ್ಪಿಕೊಂಡೆ. ಅವಳು ಕೈಯಲ್ಲಿದ್ದ ಮೊರ ಬದಿಗಿಟ್ಟು ನನ್ನೆದುರು ಕೂತಳು. ಆಮೇಲೆ "ಬರಕಳಿ" ಎಂದು ಮೊದಲಿನಿಂದ ಹೇಳಿದಳು. ಹೊಸ ಸಾಕ್ಷ್ಯ ಬಂದರೆ ತನಿಖೆ ಮತ್ತೆ ತೆರೆಯಬಹುದೆಂದು ಆ ಅಧಿಕಾರಿ ಹೇಳಿದ್ದುಂಟು. ಅವಳ ಹೇಳಿಕೆಯೂ ನನ್ನ ತಪ್ಪೊಪ್ಪಿಗೆಯೂ ದೆಹಲಿಗೆ ಹೋಗುತ್ತಿವೆ. ತೆರೆಯುತ್ತಾರೋ ಇಲ್ಲವೋ ಕಾಣೆ. ನಿಮ್ಮವರು ಮೆರೆಯಲು ಹೋಗಿ ಸಾಯಲಿಲ್ಲ, ಒಂದು ಕೂಸನ್ನು ಉಳಿಸಿ ಸತ್ತರು. ಈಗ ಆ ಹುಡುಗಿಗೆ ಆರು ವರ್ಷ.

ಇಂತಿ,
ನಿಮ್ಮಿಂದ ಅಣ್ಣಾ ಎನಿಸಿಕೊಳ್ಳಲು ತಕ್ಕವನಲ್ಲದ
ಚಂದ್ರಯ್ಯ

ಮತ್ತೊಂದು ಮಾತು: ಎರಡೂ ಲಕೋಟೆ ಅಂಟಿಸಿದ ಮೇಲೆ ಒಡೆದು ಇದನ್ನು ಬರೆಯುತ್ತಿದ್ದೇನೆ. ದೆಹಲಿಯದರಲ್ಲೂ ತಿದ್ದಿದ್ದೇನೆ. ಗುಂಡಯ್ಯ ಆಗ ಊರಿನಲ್ಲೇ ಇರಲಿಲ್ಲ. ಬೆಟ್ಟಮ್ಮ ಅಂದು ಹೇಳಿದ್ದು, "ಈ ಮೇಷ್ಟ್ರೇ ತಕಂಡೋದ್ರು ಸಾ" ಎಂದು. ಶಾಲೆಯ ಮಕ್ಕಳಿಗೆ ತೋರಿಸಲೆಂದು ಆ ಬಟ್ಟಲನ್ನು ತಂದಿದ್ದೆ. ಅದರ ತುಂಬ ಕೆಂಪು ಕೆಸರು ನೀರಿತ್ತು. ಏನೂ ತಿಳಿಯದೆ ಚೆಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದಿದ್ದೆ. ಅವರು ಹೊಲದಲ್ಲಿ ಹುಡುಕುತ್ತಿದ್ದ ಎರಡು ದಿನವೂ ಅದು ನನ್ನ ಮೇಜಿನ ಡ್ರಾಯರಿನಲ್ಲಿ ಫಳಫಳ ಹೊಳೆಯುತ್ತಿತ್ತು.