ಮ್ಯಾಪಿನಲ್ಲಿ ಬಿಟ್ಟ ಚಿಪ್ಪು

ಸದಾಶಿವನಗರ, ತುಮಕೂರು
ಭಾನುವಾರ, 8 ಫೆಬ್ರವರಿ 2026

ಪ್ರೀತಿಯ ದೊಡ್ಡಮ್ಮಾ,

ಕಾಗದ ಬರೀತಿರೋದಕ್ಕೇ ಮೊದಲು ಕ್ಷಮಿಸಿಬಿಡು. ಫೋನ್ ಮಾಡಿದಾಗಲೆಲ್ಲ ವಾಣಕ್ಕ ಎತ್ತಿ "ಅಮ್ಮ ಹಿತ್ಲಲ್ಲವ್ಳೆ ಕಣೇ" ಅಂತಾಳೆ. ಕುಣಿಗಲ್‌ನ ಆ ಮಹಡಿ ಮನೆಗೆ ಹಿತ್ತಲೇ ಇಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಈ ಕಾಗದ. ನೀನು ಅಕ್ಷರ ಕೂಡಿಸಿ ಓದ್ತೀಯ ಅಂತ ದಪ್ಪಗೆ ಬರೆದಿದ್ದೀನಿ. ಇಂಗ್ಲಿಷ್ ಬಂದ ಕಡೆ ಬೈಕೋ. ಆರನೇ ಕ್ಲಾಸಿಂದ ಹಾಸ್ಟೆಲಲ್ಲಿ ಬೆಳೆದವಳಿಗೆ ಕೆಲವು ಮಾತು ಕನ್ನಡದಲ್ಲಿ ಹುಟ್ಟೋದೇ ಇಲ್ಲ.

ಸೊಂಟ ಹೇಗಿದೆ? ಹೆಬ್ಬೆರಳಿನ ಸೀಳು ಕೂಡ್ತಾ? ಎಣ್ಣೆ ಹಚ್ಕೋ ಅಂದ್ರೆ "ಕೊಬ್ರಿ ಮಾಡಿದ್ ಗಾಯಕ್ಕೆ ಕೊಬ್ರಿ ಎಣ್ಣೆನೇ ಹಚ್ಬೇಕಾ" ಅಂತ ನಗ್ತಿದ್ದೆ. ನಾನು ಚೆನ್ನಾಗಿದೀನಿ. ಊಟ ಸೇರ್ತಿಲ್ಲ, ಅಷ್ಟೆ.

ಆಗಿದ್ದೇನು ಅಂತ ನಿನಗೆ ಯಾರೂ ಸರಿಯಾಗಿ ಹೇಳಿರಲ್ಲ, ನಾನೇ ಹೇಳ್ತೀನಿ. ಬಿ.ಬಿ.ಎ. ಮೊದಲ ವರ್ಷದವರೆಲ್ಲ ಒಂದು ರಿಸರ್ಚ್ ಪ್ರಾಜೆಕ್ಟ್ ಮಾಡಬೇಕು. ಅಶ್ವಥ್ ಸರ್ ಕ್ಲಾಸಲ್ಲಿ ಹೇಳಿದ್ದು, ಯಾವ ವ್ಯಾಪಾರವೂ ಒಂಟಿಯಾಗಿ ಬದುಕಲ್ಲ, ಕೆರೆ ಇದ್ದ ಹಾಗೆ. ಪಾಚಿ, ಮೀನು, ಕೊಕ್ಕರೆ ಎಲ್ಲ ಒಂದನ್ನೊಂದು ಆತುಕೊಂಡಿರ್ತವೆ. ಅದಕ್ಕೆ ಬಿಸಿನೆಸ್ ಇಕೋಸಿಸ್ಟಮ್ ಅಂತಾರೆ. ಯಾರಿಂದ ಯಾರಿಗೆ ಏನು ಹೋಗತ್ತೆ ಅಂತ ಬಾಣ ಹಾಕಿ ಮ್ಯಾಪ್ ಬರೀಬೇಕು, ಯಾವುದು ವೇಸ್ಟ್ ಆಗ್ತಿದೆ ಅಂತ ಹುಡುಕಿ ಅದು ನಿಲ್ಲೋ ದಾರಿ ಹೇಳಬೇಕು, ಆಗ ವ್ಯಾಪಾರ ಬಹುಕಾಲ ಬಾಳತ್ತೆ, ಅದೇ ಸಸ್ಟೈನಬಿಲಿಟಿ. ನಾನು ಗುಬ್ಬಿಗೆ ಬಂದು, ನೀನು ಕೆಲಸ ಮಾಡ್ತಿದ್ದ ಪರಮಶಿವಯ್ಯ ಸಾಹುಕಾರರ ಕೊಬ್ಬರಿ ಮಂಡಿಯನ್ನೇ ಆರಿಸಿಕೊಂಡೆ. ದೀಪಾವಳಿ ರಜೆಯಲ್ಲಿ ಫಾರಂ ಹಿಡಿದು ನಿನ್ನ ಪಕ್ಕ ಕೂತಿದ್ದು ನೆನಪಿದ್ಯಾ? ಉಂಡೆ ಕೊಬ್ಬರಿಗೆ ಗಾಯ ಆಗದ ಹಾಗೆ ನೀನು ಚಿಪ್ಪು ಬಿಡಿಸೋದನ್ನ ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಅವತ್ತು. "ದೂರ ಕೂತ್ಕೊ, ಪೆನ್ನಿಡಿಯೋ ಕೈಗೆ ಚುಚ್ಕಂಡಾತು" ಅಂದೆ. ಸಂಜೆ ನೀವೆಲ್ಲ ಅವರವರು ಬಿಡಿಸಿದ ಚಿಪ್ಪನ್ನ ಅವರವರ ಚೀಲಕ್ಕೆ ತುಂಬಿಕೊಂಡ್ರಿ. ಕೇಳಿದ್ದಕ್ಕೆ "ಬಿಡ್ಸಿದ್ ಚಿಪ್ಪು ನಮ್ದೇ ಕಣೇ, ಒಲೆಗಾಯ್ತದೆ, ಸಾಹುಕಾರ್ರ ಅಪ್ಪನ ಕಾಲ್ದಿಂದ ಹಂಗೇ" ಅಂದೆ. ಫಾರಂನಲ್ಲಿ ಕೂಲಿಗೆ ಕಾಲಂ ಇತ್ತು, ಕೆಲಸದ ಗಂಟೆಗೆ ಇತ್ತು, ಚಿಪ್ಪಿಗೆ ಇರಲಿಲ್ಲ. ನಾನು ಬರೆದುಕೊಳ್ಳಲಿಲ್ಲ. ಮ್ಯಾಪಿನಲ್ಲಿ ಕೊಬ್ಬರಿಯ ಬಾಣ ಹೊರಗಿನ ವ್ಯಾಪಾರಿಗಳಿಗೆ ಹೋಯ್ತು, ಸಿಪ್ಪೆಯದ್ದು ನಾರಿನ ಫ್ಯಾಕ್ಟರಿಗೆ. ಚಿಪ್ಪಿಗೆ ಬಾಣವೇ ಇಲ್ಲ. ಪಕ್ಕದಲ್ಲಿ ಚೆಂದದ ಕೈಬರಹದಲ್ಲಿ 'ವೇಸ್ಟ್, ಇದ್ದಿಲು ಫ್ಯಾಕ್ಟರಿಗೆ ಕೊಡಬಹುದು' ಅಂತ ಬರೆದೆ. ಕ್ಲಾಸಿಗೆ ಫಸ್ಟ್ ಬಂತು ದೊಡ್ಡಮ್ಮ. ಒಂದು ಕಾಪಿ ಸಾಹುಕಾರರಿಗೆ ನಾನೇ ನಗ್ತಾ ಕೊಟ್ಟು ಬಂದೆ.

ಸಂಕ್ರಾಂತಿ ಕಳೆದ ಮೇಲೆ ಮಂಡಿ ಮುಂದೆ ಇದ್ದಿಲು ಫ್ಯಾಕ್ಟರಿ ಲಾರಿ ನಿಂತಿದ್ದು, ಚೀಲ ಹಿಡಿದ ನಿಮ್ಮನ್ನ ತಡೆದಿದ್ದು ನನಗೆ ಆಗ ಗೊತ್ತಾಗಲಿಲ್ಲ. ಹೋದ ವಾರ ಗುಬ್ಬಿಗೆ ಬಂದೆ, ನಿನ್ನ ಮನೆಗೆ ಬೀಗ. ಎದುರಿಗೆ ಇಸ್ತ್ರಿ ಅಂಜನಪ್ಪನ ಗಾಡಿ, ಪೆಟ್ಟಿಗೆ ತಣ್ಣಗೆ ಕೂತಿತ್ತು. ಅವನೇ ಎಲ್ಲ ಹೇಳಿದ. ಸಾಹುಕಾರರು "ನಿಮ್ ಹುಡ್ಗಿನೇ ಬರ್ದವ್ಳಲ್ಲ ನರಸಿಂಹಮ್ಮ, ಓದಿರೋರ್ ಮಾತು ತೆಗೆದಾಕಕ್ಕಾಯ್ತದಾ" ಅಂದ್ರಂತೆ. ಜೊತೆಯವರು "ನಮ್ ಒಲೆ ಆರ್ಸಕ್ಕೇ ಓದಿಸ್ದೇನವ್ವಾ ಅವಳ್ನ" ಅಂದ್ರಂತೆ. ನೀನು ಸೀರೆ ಕೊಡವಿಕೊಂಡು ಎದ್ದು, ಮಾರನೇ ದಿನ ಮಗಳ ಮನೆಗೆ ಅಂತ ಕುಣಿಗಲ್ ಬಸ್ ಹತ್ತಿದೆಯಂತೆ. ನನಗೊಂದು ಫೋನ್ ಮಾಡಿ ಬೈಬೇಕಿತ್ತು ದೊಡ್ಡಮ್ಮ. ಬೈಸಿಕೊಂಡಿದ್ರೆ ಇಷ್ಟು ಭಾರ ಇರ್ತಿರಲಿಲ್ಲ.

ಇನ್ನೊಂದು ಮಾತೂ ಅಂಜನಪ್ಪ ಹೇಳಿದ. ನಾನು ಹಾಸ್ಟೆಲಿಗೆ ವಾಪಸ್ ಹೋಗೋವಾಗಲೆಲ್ಲ ಐದು ಜೊತೆ ಯೂನಿಫಾರಂ ಗರಿಗರಿಯಾಗಿ ಬ್ಯಾಗಲ್ಲಿ ಇರ್ತಿತ್ತಲ್ಲ, ನೀನು ಕಾಸು ಕೊಟ್ಟು ಮಾಡಿಸ್ತಿದ್ದೆ ಅಂದುಕೊಂಡಿದ್ದೆ. "ಎಲ್ಲೀ ಕಾಸು? ವಾರಕ್ಕೊಂದ್ ಚೀಲ ಚಿಪ್ಪು ಸುರೀತಿದ್ಲು, ನಾನು ಸುಟ್ಟು ಇದ್ಲು ಮಾಡ್ಕತಿದ್ದೆ. ನಿನ್ ಲಂಗದ ನೆರಿಗೆ ಒಂದೊಂದೂ ಅದ್ರಾಗೇ ಕೂತಿದ್ದು" ಅಂದ. ಅಸೆಂಬ್ಲಿಯಲ್ಲಿ ನನ್ನ ಯೂನಿಫಾರಂ ತೋರಿಸಿ "ನೋಡಿ ಕಲೀರಿ" ಅಂತಿದ್ರು ವಾರ್ಡನ್. ನಾನು ಹಾಕದೇ ಬಿಟ್ಟ ಬಾಣದ ತುದೀಲಿ ನಾನೇ ನಿಂತಿದ್ದೆ.

ಈಗ ಹದಿನೆಂಟನೇ ತಾರೀಖು ಗುಬ್ಬಿಯ ಬೇರೆ ಮಂಡಿಯವರನ್ನೂ ಕಾಲೇಜಿಗೆ ಕರೆದಿದ್ದಾರೆ. ಅವರ ಮುಂದೆ ನಾನು ಇದೇ ರಿಪೋರ್ಟ್ ಓದಬೇಕು. ಹೀಗೇ ಓದಿದ್ರೆ ಎಲ್ಲ ಮಂಡಿಗೂ ಲಾರಿ ಬರತ್ತೆ. ತಿದ್ದಬೇಕು ಅಂತ ಸರ್ ಹತ್ರ ಹೋದೆ. "ತಿದ್ದು, ಆದ್ರೆ ನಿನ್ನ ಮಾತು ನಡೆಯಲ್ಲ, ಕೆಲಸ ಮಾಡಿದವರು ಹೇಳಿ ಸೈನ್ ಹಾಕಬೇಕು" ಅಂದ್ರು. ಮಂಡಿಯ ಹೆಂಗಸರನ್ನ ಕೇಳಿದೆ. "ನಿಮ್ ದೊಡ್ಡಮ್ಮ ಮೊದ್ಲು ಹೇಳ್ಲಿ, ಬುಡು" ಅಂತ ಮುಖ ತಿರುಗಿಸಿದ್ರು.

ವಾಣಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಕೋಪ ಎಷ್ಟು ದಿನ ಬೇಕಾದ್ರೂ ಇಟ್ಕೋ, ಬೆನ್ನಿಗೆ ಬಿಸಿನೀರು ಹುಯ್ಕೊಳ್ಳೋದು ಮಾತ್ರ ಬಿಡಬೇಡ. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ
ಮೋನಿಕಾ

ತಾ.ಕ.: ಕಾಲಂ ಇರಲಿಲ್ಲ ಅಂತ ಮೇಲೆ ಬರೆದಿದ್ದು ಪೂರ್ತಿ ನಿಜ ಅಲ್ಲ. ಫಾರಂ ಕೊನೇಲಿ 'ಇತರೆ' ಅಂತ ನಾಲ್ಕು ಗೆರೆ ಖಾಲಿ ಇತ್ತು. ನನ್ನ ದೊಡ್ಡಮ್ಮ ತಲೆ ಮೇಲೆ ಚಿಪ್ಪಿನ ಚೀಲ ಹೊತ್ಕೊಂಡು ಹೋಗ್ತಾಳೆ ಅಂತ ಕ್ಲಾಸಲ್ಲಿ ಓದೋಕೆ ನಾಚಿಕೆ ಆಯ್ತು, ಅದಕ್ಕೆ ಬಿಟ್ಟೆ. ಆ ಫಾರಂ ಇದರೊಳಗೇ ಇಟ್ಟಿದ್ದೀನಿ, ವಾಪಸ್ ಕಳಿಸೋಕೆ ಕವರೂ ಇದೆ. ನಾಲ್ಕು ಗೆರೆ ಇನ್ನೂ ಖಾಲಿ ಇದೆ. ಚಿಪ್ಪು ಯಾರದ್ದು ಅಂತ ನಿನ್ನ ಕೈಯಲ್ಲೇ ಬರೆದು, ಕೆಳಗೆ ನಿನ್ನ ಹೆಸರು ಹಾಕು. ಹದಿನೆಂಟಕ್ಕೆ ಅದನ್ನ ನಾನು ಓದ್ತೀನಿ, ನನ್ನ ದೊಡ್ಡಮ್ಮ ಬರೆದಿದ್ದು ಅಂತಲೇ ಓದ್ತೀನಿ. ಬರೆಯೋಕೆ ಮನಸ್ಸಿಲ್ಲದಿದ್ರೆ ಖಾಲಿ ಫಾರಂ ಆದ್ರೂ ಕಳಿಸು. ಬೇಗ ಉತ್ತರ ಹಾಕು, ದೊಡ್ಡಮ್ಮ.