ಅಕ್ಕನ ವ್ಯಾನಿನ ಗೇರ್‌ಬಾಕ್ಸ್

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 11:00

ಎರಡು ಕಾರು ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಅಕ್ಕನ ಸ್ಕೂಲ್ ವ್ಯಾನ್ ಗ್ಯಾರೇಜಿಗೆ ಬಂತು. ಆಟೊಮ್ಯಾಟಿಕ್. ಎಂಜಿನ್ ಕಿರುಚುತ್ತದೆ, ಗಾಡಿ ಕದಲುವುದಿಲ್ಲ, ಆಮೇಲೆ ಜಿಗಿಯುತ್ತದೆ — ಅವಳ ದೂರು. ಸ್ಕ್ಯಾನರ್ ಹಾಕಿದೆ. ಒಂದೇ ಕೋಡ್: ಗೇರ್‌ಬಾಕ್ಸ್ ಆಯಿಲ್ ವಿಪರೀತ ಬಿಸಿ. ಆಯಿಲ್ ಕಪ್ಪಗೆ, ಸೀದ ವಾಸನೆ. ಬದಲಾಯಿಸಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿದೆ. ಬೆಣ್ಣೆಯ ಹಾಗೆ ಹೋಯಿತು.

“ನೀನು ಕೂತ್ರೆ ಸಾಧು. ನನ್ನ ಕಂಡ್ರೇ ಅದಕ್ಕೆ ಆಗಲ್ಲ ಕಣೇ” ಅಂದಳು ಅಕ್ಕ. ಇಬ್ಬರೂ ನಕ್ಕೆವು.

ಮಾರ್ಚ್ 7, ಶುಕ್ರವಾರ

ಮತ್ತೆ ಅದೇ ಕೋಡ್. ಒಳಗಿನ ವಾಲ್ವ್‌ಗಳನ್ನೆಲ್ಲ ಸ್ಕ್ಯಾನರ್‌ನಿಂದಲೇ ಒಂದೊಂದಾಗಿ ಆಡಿಸಿ ನೋಡಿದೆ. ಪ್ರೆಶರ್ ಸರಿ. ಗೇರ್‌ಬಾಕ್ಸ್ ಬಿಚ್ಚಿ ಇಳಿಸು ಅನ್ನುತ್ತಾರೆ ಗ್ಯಾರೇಜಿನ ಯಜಮಾನರು. ಮನಸ್ಸು ಒಪ್ಪುತ್ತಿಲ್ಲ. ನಿನ್ನೆ ಶಾಲೆಯ ಗೇಟಿನ ಮುಂದೆ ವ್ಯಾನ್ ತಾನಾಗಿ ನುಗ್ಗಿತಂತೆ.

“ಎಷ್ಟು?”

“ಒಂದಡಿ. ಬಿಡು, ಏನೂ ಆಗಿಲ್ಲ.”

ಹನ್ನೊಂದು ಮಕ್ಕಳು ಅದರಲ್ಲಿ.

ಮಾರ್ಚ್ 8, ಶನಿವಾರ, 10:40

ಇವತ್ತು ನೀನೇ ಓಡಿಸು ಅಂದೆ. ಪಕ್ಕದಲ್ಲಿ ಕೂತೆ, ಸ್ಕ್ಯಾನರ್ ತೊಡೆಯ ಮೇಲೆ. ಸಿಗ್ನಲ್‌ನಲ್ಲಿ ನಿಂತೆವು. ಬ್ರೇಕ್ — ಆನ್. ಆಕ್ಸಿಲರೇಟರ್ — ಮೂವತ್ತು ಪರ್ಸೆಂಟ್. ಎರಡೂ ಒಟ್ಟಿಗೆ? ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಆಯಿಲ್ 108 ಡಿಗ್ರಿ... 115... 124. ಬಗ್ಗಿ ನೋಡಿದೆ. ಸೆನ್ಸರ್ ಸರಿಯೇ ಇತ್ತು; ಅಕ್ಕನ ಬಲಗಾಲು ಎರಡು ಪೆಡಲ್‌ಗಳ ಮೇಲೂ ಅಡ್ಡಲಾಗಿ ಕೂತು ಗೇರ್‌ಬಾಕ್ಸನ್ನು ಕಾಯಿಸುತ್ತಿತ್ತು. ಬರಿಗಾಲು.

“ಅಕ್ಕಾ, ಚಪ್ಪಲಿ ಎಲ್ಲಿ?”

“ಹಾಕ್ಕೊಂಡಿದೀನಲ್ಲ.”

ಅಲ್ಲೇ ಸೀಟು ಬದಲಾಯಿಸಿಕೊಂಡೆವು. ಚಪ್ಪಲಿ ಗ್ಯಾರೇಜಿನ ನೆಲದ ಮೇಲಿತ್ತು, ಅವಳು ವ್ಯಾನ್ ಹತ್ತಿದ ಜಾಗದಲ್ಲಿ.

ಅದೇ ದಿನ, 12:15

ಬೆಂಚಿನ ಮೇಲೆ ಕೂರಿಸಿದೆ. ಕಣ್ಣು ಮುಚ್ಚು, ಚುಚ್ಚಿದ ತಕ್ಷಣ ಹೇಳು ಅಂದೆ. ಕೈಯಲ್ಲಿ ಟೆಸ್ಟರ್‌ನ ಮೊನೆ.

“ಚುಚ್ಚೇ, ಎಷ್ಟೊತ್ತು ಕಾಯಿಸ್ತೀಯ?”

ಅಂಗಾಲಿಗೆ ಮೂರು ಸಲ ಚುಚ್ಚಿಯಾಗಿತ್ತು.

ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ವರ್ಷವಾಯಿತಂತೆ. ಈಗ ಹೇಳುತ್ತಾಳೆ. ಸೋಮವಾರ ಡಾಕ್ಟರ ಹತ್ತಿರ ಹೋಗೋಣ ಅಂದೆ.

“ಯಾರಿಗೂ ಹೇಳ್ಬೇಡ. ವ್ಯಾನ್ ಬಿಟ್ರೆ ನಾನು ಯಾರು ಹೇಳು?”

ಕೀ ಕಿತ್ತುಕೊಂಡೆ. ಅವಳು ಜಗಳವಾಡಲಿಲ್ಲ. ನನಗೆ ಅದೇ ಭಯ.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 7:05

ಶನಿವಾರ ನಾನೇ ತಂದು ನಿಲ್ಲಿಸಿದ್ದ ವ್ಯಾನ್ ಅಕ್ಕನ ಮನೆ ಮುಂದೆ ಇಲ್ಲ. ಇನ್ನೊಂದು ಕೀ ಅವಳ ಹತ್ತಿರವೇ ಇತ್ತು... ನನಗೇಕೆ ಹೊಳೆಯಲಿಲ್ಲ? ಫೋನ್ ಎತ್ತುತ್ತಿಲ್ಲ. ಹೊರಟೆ.

9:30, ಆಸ್ಪತ್ರೆ

ಮೂರನೇ ಸ್ಟಾಪಿನಲ್ಲಿ ಸಿಕ್ಕಿತು. ಒಂದು ಚಕ್ರ ಫುಟ್‌ಪಾತ್ ಮೇಲೆ. ಎಂಜಿನ್ ಆಫ್. ಒಳಗೆ ಐದು ಮಕ್ಕಳು, ಯಾರಿಗೂ ಏನೂ ಆಗಿಲ್ಲ. ಅಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕೂತು ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು.

“ಬ್ರೇಕೇ ಒತ್ತಿದ್ದು ಕಣೇ, ನಿನ್ನಾಣೆ... ನೀನೇ ಓಡಿಸು. ಮಕ್ಕಳಿಗೆ ಇವತ್ತು ಪರೀಕ್ಷೆ.”

ಓಡಿಸಿದೆ. ಉಳಿದ ಆರು ಮಕ್ಕಳೂ ಹತ್ತಿದರು. ಶಾಲೆಯಲ್ಲಿ ಹನ್ನೊಂದು ಮಂದಿಯೂ ಇಳಿದರು. ಎರಡು ಸಲ ಎಣಿಸಿದೆ.

ಈಗ ಡಾಕ್ಟರ ಬಾಗಿಲ ಹೊರಗೆ. ಅಕ್ಕ ಒಳಗೆ. ನರ್ಸ್ ಬಂದು ಕೇಳುತ್ತಿದ್ದಾರೆ — ಕೈಬೆರಳಿಗೂ ಮುಟ್ಟಿದ್ದು ಗೊತ್ತಾಗಲ್ವಾ, ಯಾವಾಗಿಂದ? ಗೊತ್ತಿಲ್ಲ. ಕಾಲು ಮಾತ್ರ ನೋಡಿದೆ. ಕೈ ನಾನು ನೋಡಲೇ—